ಹೊರೆ ಯಾರದು? ಮಾತು ಯಾರದು?

ನಮ್ಮ ಕರಾವಳಿಯ ಹಿರಿಯರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಿದ್ದರು. ಯಾವ ಮಳೆಯಲ್ಲಿ ಬೀಜ ಬಿತ್ತತಕ್ಕದ್ದು, ಯಾವ ಮಳೆಯಲ್ಲಿ ನಟ್ಟಿ ಮಾಡತಕ್ಕದ್ದು, ಯಾವ ಹುಣ್ಣಿಮೆ ಕಳೆದ ಮೇಲೆ ದೋಣಿಯನ್ನು ಕಡಲಿಗಿಳಿಸತಕ್ಕದ್ದು ಎಂಬದೆಲ್ಲಾ ಅವರಿಗೆ ಬಾಯಿಪಾಠವಾಗಿತ್ತು. ಓದು ಬರಹ ತಿಳಿಯದ ಮುದುಕಿಯೂ ಅಂಗಳದಲ್ಲಿ ನಿಂತು ಗಾಳಿಯ ಮುಖವನ್ನು ನೋಡಿ, ಹರವಿದ ಮೀನನ್ನು ಒಳಗೆ ತರಬೇಕೋ ಬಿಡಬೇಕೋ ಎಂದು ಹೇಳಬಲ್ಲವಳಾಗಿದ್ದಳು. ಈಗಲಾದರೋ ಆ ಲೆಕ್ಕವು ಮೇಲಿಂದ ಮೇಲೆ ತಪ್ಪುತ್ತಾ ಬಂದಿದೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ.

2021ನೇ ಇಸವಿಯ ಮೇ ತಿಂಗಳಲ್ಲಿ, ಮಳೆಗಾಲವು ಇನ್ನೂ ಆರಂಭವಾಗದಿರುವಾಗಲೇ, ತೌಕ್ತೆ ಎಂಬ ಚಂಡಮಾರುತವು ನಮ್ಮ ಕರೆಯನ್ನು ಬಡಿದು ದೋಣಿಗಳನ್ನೂ ಮನೆಗಳನ್ನೂ ಕೆಡಿಸಿತು. 2022ನೇ ಇಸವಿಯ ಆಗಸ್ಟ್ ತಿಂಗಳ ಮೊದಲನೆಯ ಎರಡು ದಿವಸಗಳಲ್ಲಿ ಭಟ್ಕಳದಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಪೇಟೆಯು ನೀರಿನಲ್ಲಿ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡವು ಮನೆಯ ಮೇಲೆ ಜರಿದು ಒಂದೇ ಸೂರಿನ ಕೆಳಗಿದ್ದ ನಾಲ್ವರು ಸತ್ತರು. 2024ನೇ ಇಸವಿಯ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡವು ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ಎದ್ದ ನೀರು ಆಚೆದಡದ ಉಳುವರೆಯ ಮನೆಗಳನ್ನೂ ಕೊಚ್ಚಿತು.

ಈ ಅನಾಹುತಗಳಿಗೆಲ್ಲಾ ಒಂದೇ ಕಾರಣವೆಂದು ನಾವು ಹೇಳುವದಿಲ್ಲ. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದ್ದೂ, ನೀರು ಹರಿಯುವ ತೋಡುಗಳನ್ನು ಮುಚ್ಚಿದ್ದೂ ಮನುಷ್ಯರ ಕೈಕೆಲಸವೇ. ಆದರೆ ಇವೆಲ್ಲವುಗಳ ಹಿಂದೆ ಒಂದು ದೊಡ್ಡ ಮಾರ್ಪಾಡು ಉಂಟು. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವದರಿಂದ ಹೊರಡುವ ವಾಯುವು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಶಾಖವು ಒಂದು ಡಿಗ್ರಿಯಷ್ಟು ಹೆಚ್ಚಿದರೆ ಗಾಳಿಯು ನೂರಕ್ಕೆ ಸುಮಾರು 7 ಪಾಲು ಹೆಚ್ಚಾಗಿ ನೀರಾವಿಯನ್ನು ಹೊರಬಲ್ಲದು. ನಮ್ಮ ಪಡುವಣ ಕಡಲು ಕಾಯುತ್ತಾ ಬಂದಿದೆ. ಆದಕಾರಣ ಮಳೆಯು ಬರುವಾಗ ಮುಗಿಲು ಹರಿದಂತೆ ಬರುತ್ತದೆ, ಬಾರದಿರುವಾಗ ಬಾವಿಯ ತಳವು ಕಾಣುತ್ತದೆ. ಇದನ್ನೇ ವಿದ್ವಾಂಸರು ಹವಾಮಾನದ ಬದಲಾವಣೆ ಎನ್ನುತ್ತಾರೆ.

ಇದರ ಕುರಿತು ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಮಾತು ಬಹಳ ನಡೆಯುತ್ತದೆ. ನಾವು ಈ ದಿವಸ ವಿಚಾರಿಸಬೇಕೆಂದಿರುವದು ಅದರೊಳಗಿನ ಒಂದು ಪ್ರಶ್ನೆಯನ್ನು ಮಾತ್ರ. ಅದೇನಂದರೆ, ಮಳೆಯು ಗಂಡಸು ಹೆಂಗಸು ಎಂದು ನೋಡದೆ ಎಲ್ಲರ ಮೇಲೆ ಸುರಿಯುವದಾದರೂ, ಅದರಿಂದ ಬರುವ ಹೊರೆಯು ಎಲ್ಲರ ತಲೆಯ ಮೇಲೆ ಸಮನಾಗಿ ಬೀಳುತ್ತದೋ? ಬೀಳುವದಿಲ್ಲವಾದರೆ, ಹೆಚ್ಚು ಹೊರುವವರಿಗೆ ಮಾತಾಡುವ ಸ್ಥಳದಲ್ಲಿಯೂ ಅಷ್ಟೇ ಪಾಲು ಉಂಟೋ?

ಮೊದಲು ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಗೆ ಹೋಗಿ ನೋಡೋಣ. ಅಣೆಕಟ್ಟು ಕಾಣದ ಈ ನದಿಯು ಕಡಲನ್ನು ಸೇರುವ ಸ್ಥಳದಲ್ಲಿ 4801 ಹೆಕ್ಟೇರು ಪ್ರದೇಶವು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಲೋಕವೇ ಕಾಪಾಡತಕ್ಕ ಜೌಗು ಭೂಮಿಯೆಂದು ಎಣಿಸಲ್ಪಟ್ಟಿತು. ಇಳಿತದ ಹೊತ್ತಿನಲ್ಲಿ ಅಲ್ಲಿ ಸೊಂಟದ ವರೆಗೆ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರನ್ನು ತಡವಿ ಬಳಚನ್ನು ಆಯುವವರಲ್ಲಿ ಬಹಳ ಮಂದಿ ಹೆಂಗಸರುಂಟು. ಬಳಚು ಸಿಹಿನೀರೂ ಉಪ್ಪುನೀರೂ ತಕ್ಕ ಪ್ರಮಾಣದಲ್ಲಿ ಬೆರೆತಲ್ಲಿ ಬದುಕುವ ಪ್ರಾಣಿ. ನೆರೆಯ ಸಿಹಿನೀರು ಒಮ್ಮೆಗೇ ನುಗ್ಗಿದರೆ ಅದು ಸಾಯುತ್ತದೆ. ಯಾವ ತಿಟ್ಟಿನಲ್ಲಿ ಈ ವರುಷ ಬಳಚು ಇಲ್ಲ, ಯಾವ ಕಡೆಯಲ್ಲಿ ಮರಳು ಸರಿದಿದೆ ಎಂಬದನ್ನು ಆ ಹೆಂಗಸರ ಪಾದಗಳು ಎಲ್ಲರಿಗಿಂತ ಮೊದಲು ತಿಳಿಯುತ್ತವೆ.

ಅದೇ ಅಳಿವೆಯ ದಡದಲ್ಲಿ ಗಜನಿ ಭೂಮಿಗಳುಂಟು. ಮಳೆಗಾಲದಲ್ಲಿ ಅಲ್ಲಿ ಕಗ್ಗವೆಂಬ ಭತ್ತವು ಬೆಳೆಯುತ್ತದೆ. ಕೊಯಿಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟು ಮೀನು ಸಿಗಡಿಗಳನ್ನು ಹಿಡಿಯುತ್ತಾರೆ. ಕಗ್ಗವು ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಕೆಲವು ದಿವಸ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ, ಗೊಬ್ಬರವನ್ನು ಬೇಡುವದಿಲ್ಲ. ಕಡಲು ಏರುವ ಈ ಕಾಲಕ್ಕೆ ಇದಕ್ಕಿಂತ ಒಳ್ಳೇ ಬೀಜವನ್ನು ಎಲ್ಲಿ ಹುಡುಕೋಣ? ಆದರೂ 1990ರಿಂದೀಚೆಗೆ ಸಿಗಡಿ ಸಾಕಣೆಯ ಹಣದ ಆಸೆಯಿಂದ ಅನೇಕ ಗಜನಿಗಳಲ್ಲಿ ಭತ್ತವು ನಿಂತುಹೋಯಿತು. ಮಾಣಿಕಟ್ಟೆಯಂಥ ಕೆಲವು ಊರುಗಳಲ್ಲಿ ಕಗ್ಗದ ಬೀಜವು ಉಳಿಯಿತು. ಬೀಜವನ್ನು ಆರಿಸಿ, ಒಣಗಿಸಿ, ಮುಂದಿನ ಮಳೆಯ ವರೆಗೆ ಇಲಿ ಹುಳಗಳಿಂದ ಕಾದಿಡುವ ಕೆಲಸವು ನಮ್ಮ ಮನೆಗಳಲ್ಲಿ ಯಾರದೆಂದು ವಾಚಕರೇ ಬಲ್ಲರು. ಹೊಲವನ್ನು ಸಿಗಡಿಗೆ ಗುತ್ತಿಗೆ ಕೊಡಬೇಕೋ ಬೇಡವೋ ಎಂದು ಗಂಡಸರು ಕೂತು ಮಾತಾಡಿದ ದಿವಸ, ಆ ಬೀಜವನ್ನು ಕಾದವಳನ್ನು ಕೇಳಿದವರು ಎಷ್ಟು ಮಂದಿ?

ಇನ್ನು ಹೊನ್ನಾವರಕ್ಕೆ ಬರೋಣ. ಶರಾವತಿಯ ಕೆಳಗಿನ ಊರುಗಳವರು ಮಳೆಗಾಲದಲ್ಲಿ ಲಿಂಗನಮಕ್ಕಿಯ ಬಾಗಿಲು ಯಾವಾಗ ತೆರೆಯುವದೋ ಎಂದು ಕಿವಿಗೊಟ್ಟು ಕಾಯುತ್ತಾರೆ. ನೀರು ಅಂಗಳಕ್ಕೆ ಬಂದರೆ ಅಕ್ಕಿಯನ್ನು ಅಟ್ಟಕ್ಕೇರಿಸುವದು, ಮಕ್ಕಳನ್ನೂ ಹಾಸಿಗೆ ಹಿಡಿದ ಅತ್ತೆಮಾವಂದಿರನ್ನೂ ಸಾಗಿಸುವದು, ನೀರು ಇಳಿದ ಮೇಲೆ ಮನೆಯೊಳಗಿನ ಕೆಸರನ್ನು ಬಳಿಯುವದು ಯಾರ ಪಾಲಿಗೆ ಬರುತ್ತದೆ? ಕಡಲಬದಿಯ ಬಾವಿಗೆ ಉಪ್ಪು ಸೇರಿದರೆ, ಸಿಹಿನೀರಿನ ಕೊಡವನ್ನು ದೂರದಿಂದ ತರುವ ಸೊಂಟ ಯಾರದು? ಕಾಸರಕೋಡಿನ ಟೊಂಕದ ಮರಳಿನಲ್ಲಿ ಮೀನನ್ನು ಹರವಿ ಒಣಗಿಸುವವರೂ ಸ್ತ್ರೀಯರೇ. ಒಣಮೀನಿಗೆ ಬೇಕಾದದ್ದು ಎರಡು: ಬಿಸಿಲು ಮತ್ತು ಬಯಲು. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಹರವಿದ್ದೆಲ್ಲಾ ಕೊಳೆತು, ಸಾಲ ಮಾತ್ರ ಉಳಿಯುತ್ತದೆ. ಆ ಬಯಲಿನ ಬಳಿಯಲ್ಲಿ ಬಂದರು ಕಟ್ಟುವ ಕೆಲಸವು ಬಂದಾಗ ಅದನ್ನು ವಿರೋಧಿಸಿ ನಿಂತವರ ಮುಂದಿನ ಸಾಲಿನಲ್ಲಿ ಮೀನುಗಾರ ಹೆಂಗಸರಿದ್ದರು. ಬಂದರು ಬೇಕೋ ಬೇಡವೋ ಎಂಬ ವ್ಯಾಜ್ಯವನ್ನು ನಾವು ಇಲ್ಲಿ ತೀರಿಸುವದಿಲ್ಲ. ಆದರೆ ಒಂದು ಮಾತನ್ನು ಕೇಳದೆ ಇರಲಾರೆವು: ಬಿಸಿಲಿನಲ್ಲಿ ಲಾಠಿಯ ಎದುರಿಗೆ ನಿಲ್ಲುವಾಗ ಮುಂದಿನ ಸಾಲು ಹೆಂಗಸರದಾದರೆ, ನಕ್ಷೆಯನ್ನು ಹಾಸಿ ಆಲೋಚಿಸುವ ಮೇಜಿನ ಬಳಿಯಲ್ಲಿ ಅವರ ಕುರ್ಚಿ ಯಾಕಿಲ್ಲ?

ಗಂಡಸರ ಕಷ್ಟವು ಕಡಿಮೆಯೆಂದು ನಾವು ಹೇಳುತ್ತಿಲ್ಲ. ಬಿರುಗಾಳಿಯಲ್ಲಿ ದೋಣಿಯ ಮೇಲಿರುವವನ ಜೀವವು ಒಂದು ಹಲಗೆಯ ಮೇಲೆ ನಿಂತಿರುತ್ತದೆ. ಭಟ್ಕಳದ ತೆಂಗಿನಗುಂಡಿಯಿಂದ ಕಡಲಿಗೆ ಹೋಗುವವನಿಗೂ, ಬೆಟ್ಟದ ಬುಡದಲ್ಲಿ ತೋಟ ಮಾಡುವವನಿಗೂ ಈ ಕಾಲವು ಕಠಿಣವೇ. ಆದರೂ ಅವನ ಕಷ್ಟವನ್ನು ಎಲ್ಲರೂ ಕಷ್ಟವೆಂದು ಕರೆಯುತ್ತಾರೆ, ಅದಕ್ಕೆ ಲೆಕ್ಕವಿಡುತ್ತಾರೆ. ಅವಳ ಕಷ್ಟವನ್ನೋ ಮನೆಗೆಲಸವೆಂದು ಕರೆದು ಸುಮ್ಮನಾಗುತ್ತಾರೆ.

ಈ ಭೇದವು ಕೆಲವೊಮ್ಮೆ ಪ್ರಾಣವನ್ನೇ ತೆಗೆಯುತ್ತದೆ. 1991ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಬಾಂಗ್ಲಾದೇಶದ ಕರೆಯನ್ನು ಬಡಿದ ಚಂಡಮಾರುತದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನರು ಸತ್ತರು. ಪ್ರಾಯದವರೊಳಗೆ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. 2004ರ ಸುನಾಮಿಯು ಹವಾಮಾನದಿಂದಾದದ್ದಲ್ಲ, ಸಮುದ್ರದ ತಳದ ಭೂಕಂಪದಿಂದ ಎದ್ದದ್ದು. ಆದಾಗ್ಯೂ ಅಲ್ಲಿಯೂ ತಮಿಳುನಾಡಿನ ಕಡಲೂರಿನಲ್ಲಿ ಹಾಗೆಯೇ ಆಯಿತು. ಹೆಂಗಸಿನ ದೇಹವು ನೀರಿಗೆ ಹೆಚ್ಚು ತಕ್ಕದ್ದೆಂದು ಹೀಗಾಯಿತೋ? ಇಲ್ಲ. ಈಜು ಕಲಿಸದೆ ಬೆಳೆಸಿದ್ದರಿಂದ, ಕಂಕುಳಲ್ಲಿ ಕೂಸು ಇದ್ದದರಿಂದ, ಉಟ್ಟ ಸೀರೆಯು ಕಾಲಿಗೆ ಸುತ್ತಿದ್ದರಿಂದ, ಎಚ್ಚರಿಕೆಯ ಮಾತು ಪೇಟೆಯ ಗಂಡಸರ ಕಿವಿಗೆ ಬಿದ್ದು ಅಡಿಗೆಮನೆಗೆ ತಲಪದೆ ಹೋದದರಿಂದ, ಯಜಮಾನನು ಬಾರದೆ ಮನೆ ಬಿಡಕೂಡದೆಂಬ ನಡಾವಳಿಯಿಂದ ಹೀಗಾಯಿತು. ಅಲೆಯನ್ನು ನಾವು ಮಾಡಲಿಲ್ಲ. ಈ ನಡಾವಳಿಗಳನ್ನು ಮಾಡಿದವರು ನಾವೇ. ನಾವೇ ಮಾಡಿದ್ದಾದದರಿಂದ ನಾವೇ ಬಿಡಬಹುದು.

ಇಲ್ಲಿ ಕೆಲವರು ಎದ್ದು ಹೇಳುವದುಂಟು: "ಹೆಂಗಸು ಮನೆಯನ್ನು ನೋಡಲಿ, ಗಂಡಸು ಊರನ್ನು ನೋಡಲಿ, ಇದು ಹಿಂದಿನಿಂದ ಬಂದ ಕ್ರಮ. ಗಾಳಿ, ಮಳೆ, ವಾಯುವಿನ ಶಾಸ್ತ್ರವು ಅವಳಿಗೆ ಯಾಕೆ?" ಇವರಿಗೆ ಒಂದು ಚರಿತ್ರೆಯನ್ನು ಹೇಳುತ್ತೇವೆ. ಅಮೆರಿಕ ದೇಶದಲ್ಲಿ ಯೂನಿಸ್ ಫೂಟ್ ಎಂಬ ಗೃಹಿಣಿಯಿದ್ದಳು. ಅವಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ, ಒಳಗೆ ಉಷ್ಣಮಾಪಕವನ್ನಿಟ್ಟು ಬಿಸಿಲಿನಲ್ಲಿರಿಸಿ, ಇಂಗಾಲಾಮ್ಲ ವಾಯುವು ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ, ತಣ್ಣಗಾಗುವದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಕಂಡಳು. ಆಕಾಶದಲ್ಲಿ ಈ ವಾಯು ಹೆಚ್ಚಿದರೆ ಭೂಮಿಯು ಬಿಸಿಯಾಗುವದೆಂದೂ ಬರೆದಳು. 1856ನೇ ಇಸವಿಯಲ್ಲಿ ಪಂಡಿತರ ಸಭೆಯಲ್ಲಿ ಅವಳ ಬರಹವನ್ನು ಓದಿದವನು ಜೋಸೆಫ್ ಹೆನ್ರಿ ಎಂಬ ಪುರುಷನು. ಮೂರು ವರುಷಗಳ ಮೇಲೆ ಇದೇ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದ ಜಾನ್ ಟಿಂಡಾಲನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಅವಳದು ನೂರೈವತ್ತು ವರುಷ ಮರೆತುಹೋಗಿ, 2011ರಲ್ಲಿ ಮತ್ತೆ ಬೆಳಕಿಗೆ ಬಂತು. ಇದೇ ಯೂನಿಸ್ ಫೂಟಳು 1848ರಲ್ಲಿ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸ್ತ್ರೀಯರಿಗೂ ಪುರುಷರಿಗೂ ಸಮವಾದ ಹಕ್ಕುಗಳಿರಬೇಕೆಂದು ಮಾಡಿದ ಪ್ರಕಟನೆಗೆ ರುಜು ಹಾಕಿದವರಲ್ಲಿ ಒಬ್ಬಳು. ಹೀಗೆ ಭೂಮಿಯು ಕಾಯುವ ಕಾರಣವನ್ನು ಮೊದಲು ಸೂಚಿಸಿದವಳು ಹೆಂಗಸು. ಅವಳ ಮಾತನ್ನು ಲೋಕವು ಆಗಲೇ ಗಮನಿಸಿದ್ದರೆ ಎಲ್ಲವೂ ಸರಿಯಾಗುತ್ತಿತ್ತೆಂದು ಹೇಳಲಾಗದು. ಆದರೆ ಹೇಳುವವರು ಯಾರೆಂದು ನೋಡಿ ಸತ್ಯವನ್ನು ತೂಗುವ ಅಭ್ಯಾಸವು ಎಷ್ಟು ಕೆಟ್ಟದ್ದೆಂಬದು ಇದರಿಂದ ತಿಳಿಯುತ್ತದೆ.

ಬೇರೆ ಕೆಲವರು ಇದಕ್ಕೆ ವಿರುದ್ಧವಾದ ಮಾತನ್ನಾಡುತ್ತಾರೆ. ಅವರು ಸ್ತ್ರೀಯನ್ನು ಬಾಯ್ತುಂಬ ಹೊಗಳುವವರು. ಹೆಂಗಸೇ ಭೂಮಿತಾಯಿ, ಅವಳ ಸಹನೆಗೆ ಮೇರೆಯಿಲ್ಲ, ಕಾಡನ್ನೂ ನೀರನ್ನೂ ಉಳಿಸುವವಳು ಅವಳೇ ಎನ್ನುತ್ತಾರೆ. ಇದು ಕೇಳುವದಕ್ಕೆ ಇಂಪಾಗಿದೆ. ಆದರೆ ಈ ಹೊಗಳಿಕೆಯ ನಂತರ ಏನಾಗುತ್ತದೆಂದು ನೋಡಿರಿ: ಸಸಿ ನೆಡುವ ಕೆಲಸ, ಕಸ ಬೇರ್ಪಡಿಸುವ ಕೆಲಸ, ಮಳೆನೀರು ಹಿಡಿಯುವ ಕೆಲಸ, ಎಲ್ಲವೂ ಮೊದಲೇ ಹೊರೆ ಹೊತ್ತವಳ ತಲೆಗೆ ಬರುತ್ತದೆ. ಗಂಡಸು ಕೈಕಟ್ಟಿ ನಿಂತು ಭೇಷ್ ಎನ್ನುತ್ತಾನೆ. ಹೊಗಳಿಕೆಯಿಂದ ಕೊಡವು ಹಗುರವಾಗುವದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ತಕ್ಕ ದೃಷ್ಟಾಂತವುಂಟು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗರ ಕುಲದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳಕೊಂಡು, ಶಾಲೆಯ ಮುಖವನ್ನು ನೋಡದೆ, ತಾಯಿಯ ಸಂಗಡ ಸಸಿಗಳ ನರ್ಸರಿಯಲ್ಲಿ ದಿನಗೂಲಿಗೆ ದುಡಿದವರು. ಕಾಡಿನಲ್ಲಿ ಯಾವ ಮರವು ತಾಯಿಮರ, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಬೇಕು, ಅದು ಹೇಗೆ ಮೊಳೆಯುತ್ತದೆ ಎಂಬದನ್ನು ಪಂಡಿತರೂ ಅವರಿಂದ ಕೇಳಿ ತಿಳಿಯುವಷ್ಟು ಬಲ್ಲವರಾಗಿದ್ದರು. 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಪ್ರಕಟವಾಗಿ, 2021ರ ನವಂಬರದಲ್ಲಿ ಬರಿಗಾಲಿನಿಂದ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಸ್ವೀಕರಿಸಿದರು. 2024ರ ದಶಂಬರ 16ರಂದು ತೀರಿಹೋದರು. ಆ ಗೌರವವು ತಕ್ಕದ್ದೇ. ಆದರೂ ಆಲೋಚಿಸಿರಿ: ಅಂಥ ಜ್ಞಾನವುಳ್ಳವರು ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ದಿನಗೂಲಿಯವರಾಗಿ ಕಳೆಯಬೇಕಾಯಿತು, ಗೌರವವು ಬಂದದ್ದು ಕೂದಲು ನರೆತ ಮೇಲೆ. ಇನ್ನೂ ಎಷ್ಟು ಮಂದಿ ತುಳಸಿಯರು ಹೆಸರಿಲ್ಲದೆ ನಮ್ಮ ನಡುವೆ ಬೀಜ ಆಯುತ್ತಿರುವರೋ!

ಹಾಗಾದರೆ ಸಮಾನತೆ ಅಂದರೇನು? ಗಂಡಸೂ ಹೆಂಗಸೂ ಒಂದೇ ಅಳತೆಯ ಹೊರೆಯನ್ನು ಹೊರಬೇಕೆಂದು ಅದರ ಅರ್ಥವಲ್ಲ. ಹೊರೆಯನ್ನು ಹೊರುವವರು ದಾರಿಯನ್ನು ಆರಿಸುವದರಲ್ಲಿಯೂ ಪಾಲುಗಾರರಾಗಬೇಕೆಂಬದೇ ಅದರ ತಿರುಳು. ಇದು ಹೆಂಗಸಿಗೆ ನಾವು ಮಾಡುವ ದಾನವಲ್ಲ. ಅಳಿವೆಯ ಕೆಸರನ್ನು ಬಲ್ಲವಳನ್ನು ಹೊರಗಿಟ್ಟು ಅಳಿವೆಯ ವಿಷಯವಾಗಿ ತೀರ್ಮಾನ ಮಾಡುವ ಊರು ಅರ್ಧ ಕಣ್ಣು ಮುಚ್ಚಿಕೊಂಡು ನಡೆಯುವ ಊರು. ಅದು ಅವಳಿಗೆ ಅನ್ಯಾಯ, ಊರಿಗೆ ಅಪಾಯ.

ಕಾಯಿದೆಗಳು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿವೆ ಎಂಬದನ್ನು ಒಪ್ಪಿಕೊಳ್ಳತಕ್ಕದ್ದು. ಕರ್ನಾಟಕದ ಪಂಚಾಯತಿಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಊರಿನ ಗಿಡಮರ, ಜೀವಜಂತುಗಳ ಲೆಕ್ಕವಿಟ್ಟು ಕಾಪಾಡುವ ಜೀವವೈವಿಧ್ಯ ಸಮಿತಿಗಳಲ್ಲಿ ಮೂರರಲ್ಲಿ ಒಂದು ಪಾಲಾದರೂ ಸ್ತ್ರೀಯರಿರಬೇಕೆಂದು 2004ರ ನಿಯಮಗಳು ಇಟ್ಟವು. 2005ರ ತಿದ್ದುಪಡಿಯು ಹಿಂದೂ ಮನೆತನಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕನ್ನು ಕೊಟ್ಟಿತು. ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯಿದೆಯಲ್ಲಿಯೂ ಮಗನೆಂದು ಮಗಳೆಂದು ಭೇದವಿಲ್ಲ. ಹೀಗಿದ್ದಾಗ್ಯೂ 2015–16ರ ಕೃಷಿ ಗಣತಿಯಲ್ಲಿ ಈ ದೇಶದ ಹಿಡುವಳಿಗಳೊಳಗೆ ನೂರಕ್ಕೆ ಸುಮಾರು 14 ಮಾತ್ರವೇ ಸ್ತ್ರೀಯರ ಕೈಯಲ್ಲಿದ್ದವು. ಯಾಕಂದರೆ ಕಾಯಿದೆ ಕೊಟ್ಟದ್ದನ್ನು ಮನೆಯು ತಿರುಗಿ ತಕ್ಕೊಳ್ಳುತ್ತದೆ. ಅಣ್ಣನ ಮನಸ್ಸು ನೋಯಬಾರದೆಂದು ತಂಗಿಯು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾಳೆ. ನೆರೆ ಬಂದು ಬೆಳೆ ಹೋದಾಗ ಪರಿಹಾರದ ಹಣವು ಪಹಣಿಯಲ್ಲಿರುವ ಹೆಸರನ್ನು ಹುಡುಕುತ್ತಾ ಹೋಗುತ್ತದೆ. ನಟ್ಟಿ ಮಾಡಿದ ಕೈಯನ್ನು ಹುಡುಕುವದಿಲ್ಲ. ಹಾಗೆಯೇ ಪಂಚಾಯತಿಯ ಕುರ್ಚಿಯಲ್ಲಿ ಹೆಸರು ಹೆಂಡತಿಯದು, ರುಜು ಹೆಂಡತಿಯದು, ಮಾತು ಮಾತ್ರ ಗಂಡನದು ಎಂಬ ನಾಚಿಕೆಗೇಡು ಎಷ್ಟೋ ಕಡೆ ಇನ್ನೂ ತೀರಿಲ್ಲ.

ಈ ದೋಷದಲ್ಲಿ ನಾವೂ ಪಾಲುಗಾರರು. ನೆರೆ ಬಂದ ಮನೆಗೆ ಹೋದಾಗ ಜಗಲಿಯ ಮೇಲೆ ಕೂತ ಗಂಡಸರೊಡನೆ ಮಾತಾಡಿ, ಒಳಗಿನಿಂದ ಬಂದ ಚಹವನ್ನು ಕುಡಿದು, ಎಲ್ಲವನ್ನೂ ತಿಳಿದೆವೆಂದು ಎದ್ದುಬರುವದು ನಮ್ಮಂಥವರ ರೂಢಿ. ಬಾಗಿಲ ಮರೆಯಲ್ಲಿ ನಿಂತವಳು ಏನನ್ನೋ ಹೇಳುವದಕ್ಕೆ ಬಾಯಿ ತೆರೆದರೆ, "ನೀನು ಒಳಗೆ ಹೋಗು ಮಾರಾಯ್ತಿ, ನಾವು ಹೇಳುತ್ತೇವೆ" ಎಂದು ಯಾರಾದರೂ ತಡೆದಾಗ, "ಇಲ್ಲ, ಅಮ್ಮಾ, ನೀವೇ ಹೇಳಿರಿ" ಎಂಬ ಮಾತು ನಮ್ಮ ಬಾಯಿಂದ ಹೊರಟದ್ದು ಅಪರೂಪವೇ. ಬರೆಯುವವರಿಂದಲೂ ಕೇಳುವವರಿಂದಲೂ ಈ ಪಾಠವು ಆರಂಭವಾಗಲಿ.

ಆದಕಾರಣ ವಾಚಕರು ಮೂರು ಕೆಲಸಗಳನ್ನು ಕೈಕೊಳ್ಳಬೇಕೆಂದು ಬೇಡುತ್ತೇವೆ. ಮೊದಲನೆಯದು ಮನೆಯಲ್ಲಿ: ಹೆಣ್ಣುಮಕ್ಕಳಿಗೆ ಈಜು ಕಲಿಸಿರಿ, ಎಚ್ಚರಿಕೆಯ ಸುದ್ದಿಯು ಬರುವ ದೂರವಾಣಿಯು ಅವರ ಕೈಯಲ್ಲಿಯೂ ಇರಲಿ, ಅಪಾಯವು ಕಂಡರೆ ಯಾರ ಅಪ್ಪಣೆಗೂ ಕಾಯದೆ ಮನೆ ಬಿಟ್ಟು ಹೊರಡತಕ್ಕದ್ದೆಂದು ಈಗಲೇ ಹೇಳಿರಿ. ನೀರಿನ ಕೊಡವನ್ನೂ ಕೆಸರು ಬಳಿಯುವ ಹಿಡಿಯನ್ನೂ ಗಂಡುಮಕ್ಕಳ ಕೈಗೆ ಕೊಡಿರಿ. ಅದರಿಂದ ಅವರ ಮಾನವು ಕುಂದುವದಿಲ್ಲ. ಎರಡನೆಯದು ಊರಿನಲ್ಲಿ: ಕಟ್ಟೆ, ತೋಡು, ಗಜನಿ, ಮೀನಿನ ಬಯಲು ಇವುಗಳ ಕುರಿತಾದ ಸಭೆಯನ್ನು ಹೆಂಗಸರು ಬರಬಹುದಾದ ಹೊತ್ತಿನಲ್ಲಿ ಕೂಡಿಸಿರಿ. ಅಡಿಗೆಯ ಹೊತ್ತಿನಲ್ಲಿ ಸಭೆ ಕರೆದು, ಅವರು ಬರಲಿಲ್ಲವೆಂದು ದೂರುವದು ಸರಿಯಲ್ಲ. ಬಂದವರನ್ನು ಹಿಂದಿನ ಚಾಪೆಯಲ್ಲಿ ಕೂರಿಸದೆ, ಮೊದಲು ಅವರನ್ನೇ ಕೇಳಿರಿ. ಮೂರನೆಯದು ಕಾಗದದಲ್ಲಿ: ಭೂಮಿಯ ಪಹಣಿಯಲ್ಲಿಯೂ ಮನೆಯ ಪತ್ರದಲ್ಲಿಯೂ ಅವರ ಹೆಸರು ಸೇರಲಿ. ಕಾಗದದಲ್ಲಿ ಇಲ್ಲದವರು ಕಚೇರಿಯ ಲೆಕ್ಕದಲ್ಲಿಯೂ ಇರುವದಿಲ್ಲ.

ಗಜನಿಯ ಮಣ್ಣಿನ ಕಟ್ಟೆಯನ್ನು ಕಂಡವರಿಗೆ ಇದು ತಿಳಿದ ಸಂಗತಿ: ಕಟ್ಟೆಯು ಒಂದು ಕಡೆ ಎಷ್ಟು ಗಟ್ಟಿಯಾಗಿದ್ದರೂ, ಇನ್ನೊಂದು ಕಡೆ ಒಂದು ಏಡಿಯ ತೂತು ಉಳಿದರೆ ಉಬ್ಬರದ ನೀರು ಅಲ್ಲಿಂದಲೇ ಒಳಗೆ ನುಗ್ಗಿ ಎಲ್ಲರ ಬೆಳೆಯನ್ನೂ ಕೆಡಿಸುತ್ತದೆ. ಆ ತೂತನ್ನು ಮೊದಲು ಕಾಣುವವಳು ಬೆಳಗ್ಗೆ ಹುಲ್ಲಿಗೋ ಬಳಚಿಗೋ ಆ ದಾರಿಯಲ್ಲಿ ನಡೆದ ಹೆಂಗಸು. ಅವಳು ಬಂದು ಹೇಳುವಾಗ ಕೇಳುವ ಕಿವಿಗಳು ನಮ್ಮ ಊರಿನಲ್ಲಿ ಉಂಟೋ? ಮುಂದಿನ ಮಳೆಗಾಲವು ಬರುವದಕ್ಕೆ ಮುಂಚೆ ಪ್ರತಿಯೊಂದು ಮನೆಯೂ ಪ್ರತಿಯೊಂದು ಊರೂ ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಲಿ ಎಂಬದೇ ನಮ್ಮ ಕೋರಿಕೆ.